ಗಾಳಿಚೀಲಕ್ಕೆ ಕಟ್ಟಿದ ಲಿಂಬೆಹಣ್ಣಿನ ಸರ

ನನ್ನ ಗಂಡ ವಿಮಾನ ತಂದ ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಮರುದಿನವೂ ಆಡಲಿಲ್ಲ. ಇಂಡಿ ತಾಲ್ಲೂಕಿನಲ್ಲಿ ಲಿಂಬೆ ಬೆಳೆಯುವವನು ಟ್ರ್ಯಾಕ್ಟರ್ ತರಬೇಕು, ಮೋಟಾರು ತರಬೇಕು, ಬಹಳ ಸೊಕ್ಕು ಬಂದರೆ ದೊಡ್ಡದೊಂದು ಕಾರು ತರಬೇಕು. ಇವರು ತಂದದ್ದು ನನಗಿಂತ ವಯಸ್ಸಾದ, ರೆಕ್ಕೆಗೆ ಬಟ್ಟೆ ಹೊದಿಸಿದ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡೇ ಸೀಟಿನ ವಿಮಾನ. ಮುಚ್ಚಿಹೋದ ಯಾವುದೋ ಕ್ಲಬ್ಬಿನ ಶೆಡ್ಡಿನಲ್ಲಿ ಧೂಳು ತಿನ್ನುತ್ತ ಬಿದ್ದಿತ್ತಂತೆ. ರೆಕ್ಕೆ ಬೇರೆ, ಮೈ ಬೇರೆ ಮಾಡಿ ಲಾರಿಯ ಮೇಲೆ ಹೇರಿಕೊಂಡು ಬಂದರು. ಲಚ್ಯಾಣದ ರಸ್ತೆಯಲ್ಲಿ ಜನ ನಿಂತು ನೋಡಿದರು. "ಸಾಹುಕಾರ್ರು ಬಾವಿಗಿ ಹೊಸಾ ಪಂಪ್ ತರಸ್ಯಾರ" ಎಂದು ಯಾರೋ ಅಂದರಂತೆ. ಅದಾಗಿದ್ದರೆ ನೀರಾದರೂ ಬರುತ್ತಿತ್ತು.

ನಾನು ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಯಾವುದೇ ವಸ್ತು ಯಾಕೆ ಮೇಲೇರುತ್ತದೆ, ಯಾಕೆ ಕೆಳಗೆ ಬೀಳುತ್ತದೆ ಎಂಬುದನ್ನು ಹಲಗೆಯ ಮೇಲೆ ಬರೆದು ಬರೆದು ಬೆರಳು ಸವೆದಿವೆ. ಗಂಡ ಮೇಲೇರುವುದಕ್ಕೆ ಕಾರಣ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ. ಕಾರಣ ಮುದ್ದೇಬಿಹಾಳದಲ್ಲಿತ್ತು.

ಮುದ್ದೇಬಿಹಾಳಕ್ಕೆ ಕೊಟ್ಟಿರುವ ಅವರ ಅಕ್ಕ ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಇಬ್ಬರೂ ಹುಟ್ಟಿದ್ದು ಹಳೇ ಕೊಲ್ಹಾರದಲ್ಲಿ. ಕೃಷ್ಣೆಯ ಹಿನ್ನೀರು ಬಂದಾಗ ಊರು ಮೇಲೆ ಹತ್ತಿತು, ಮನೆ ಕೆಳಗೆ ಉಳಿಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಗೋಡೆಗಳ ಬುಡ ಕಾಣುತ್ತವೆ ಎಂದು ಮೀನು ಹಿಡಿಯುವವರು ಹೇಳುತ್ತಿದ್ದರು. ಒಮ್ಮೆ ಸೇತುವೆ ದಾಟುವಾಗ ಅಕ್ಕ ಕಾರಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡಿದಳು. ಏನೂ ಕಾಣಲಿಲ್ಲ. "ಹಕ್ಕಿಗಿ ಕಾಣ್ತಿರಬೇಕ ನೋಡೋ ತಮ್ಮಾ, ನಮ್ಮನಿ" ಅಂದಳು. ಅಷ್ಟೇ. ಅವಳು ಅಂದು ಮರೆತಳು. ಇವರು ಮರೆಯಲಿಲ್ಲ.

ಹೊಲ ಉದ್ದುದ್ದ ಇದ್ದದ್ದು ದಕ್ಷಿಣೋತ್ತರವಾಗಿ. ಆದ್ದರಿಂದ ವಿಮಾನ ಓಡುವ ಪಟ್ಟಿಯೂ ದಕ್ಷಿಣೋತ್ತರವಾಗಿಯೇ ಆಯಿತು. ಎರೆ ಮಣ್ಣಿನ ಮೇಲೆ ಗರಸು ಹಾಕಿಸಿ, ರೋಲರ್ ಹೊಡೆಸಿ, ಗಟ್ಟಿ ಮಾಡಿಸಿದರು. ನಮ್ಮ ಕಡೆ ಗಾಳಿ ಬೀಸುವುದು ಮಳೆಗಾಲದಲ್ಲಿ ಪಡುವಣದಿಂದ, ದಸರೆಯ ನಂತರ ಮೂಡಣದಿಂದ. ಅಂದರೆ ವರ್ಷದ ಬಹುಪಾಲು ಗಾಳಿ ನಮ್ಮ ಪಟ್ಟಿಗೆ ಅಡ್ಡ. ಇವರ ಅಪ್ಪ ರಾಶಿ ಮಾಡುವ ಕಣಕ್ಕೆ ಜಾಗ ಆರಿಸುವಾಗ ಗಾಳಿ ನೋಡಿ ಆರಿಸುತ್ತಿದ್ದರಂತೆ. ಮಗ ಸರ್ವೇ ನಂಬರ್ ನೋಡಿ ಆರಿಸಿದರು.

ಕಲಿಸಲು ಸಿಕ್ಕವರು ಬಸವನ ಬಾಗೇವಾಡಿಯ ಒಬ್ಬ ಕ್ಯಾಪ್ಟನ್. ಆಯುಷ್ಯವೆಲ್ಲ ದೊಡ್ಡ ವಿಮಾನ ಹಾರಿಸಿ, ಸಣ್ಣ ವಿಮಾನ ಕಲಿಸಿ, ಊರಿಗೆ ಬಂದು ನೆಲೆಸಿದವರು. ಎಂದೋ ಒಮ್ಮೆ ಇಂಥದೇ ಹಳೆಯ ವಿಮಾನ ಅಡ್ಡಗಾಳಿಯಲ್ಲಿ ಇಳಿಸುವಾಗ ಮುಗ್ಗರಿಸಿ ಗದ್ದ ಒಡೆದುಕೊಂಡಿದ್ದರು. ಗಾಯದ ಗುರುತು ಇನ್ನೂ ಇತ್ತು. ಮಾತಾಡುವ ಮೊದಲು ಆ ಗುರುತನ್ನು ಒಮ್ಮೆ ಮುಟ್ಟಿಕೊಳ್ಳುವುದು ಅವರ ರೂಢಿ. ಮೊದಲ ದಿನ ನನ್ನ ಕೈಯ ಚಹಾ ಕುಡಿಯುತ್ತ ಇವರಿಗೆ ಹೇಳಿದರು:

"ಸಾಹುಕಾರ್ರ, ಈಗಿನ ವಿಮಾನಕ್ಕ ಮುಂದ ಗಾಲಿ. ಇದಕ್ಕ ಬಾಲದ ಬುಡಕ ಸಣ್ಣ ಗಾಲಿ. ತೂಕೆಲ್ಲಾ ಹಿಂದ. ಚಕ್ಕಡಿ ಹಿಂದ್ಮುಂದ ದೂಡಿದ್ರ ಹೆಂಗ ಆಕ್ಕೈತಿ?"

"ನೊಗದ ಮೂಕಿ ಎತ್ತ ಬೇಕತ್ತ ಹೊಳ್ಳತೈತ್ರಿ."

"ಹಂಗs ಇದು. ನೆಲಾ ಮುಟ್ಟಿತು ಅಂತ ಹಗ್ಗ ಸಡ್ಲ ಬಿಟ್ರಿ ಅಂದ್ರ ಮುಗೀತು. ಗ್ವಾದ್ಲಿಗಿ ತಂದು ಕಟ್ಟೂತನಕಾ ಇದು ಹೋರಿ ಅಂತ ತಿಳೀರಿ."

ಅಡ್ಡಗಾಳಿಯಲ್ಲಿ ಇಳಿಯುವ ಲೆಕ್ಕ ನನಗೆ ಹೊಸದಲ್ಲ. ಹೊಳೆ ದಾಟುವ ದೋಣಿಯ ಲೆಕ್ಕವನ್ನೇ ತಿರುಗಿಸಿ ಹಾಕಿದ್ದು. ಎದುರು ದಂಡೆಗೆ ನೇರ ಹೋಗಬೇಕಾದರೆ ದೋಣಿಯ ಮೂತಿಯನ್ನು ಹರಿವಿಗೆ ಎದುರಾಗಿ ಸ್ವಲ್ಪ ತಿರುಗಿಸಿಕೊಂಡಿರಬೇಕು. ವಿಮಾನದಲ್ಲಿ ಒಂದು ತೊಡಕು ಹೆಚ್ಚು: ನೆಲ ಮುಟ್ಟುವ ಗಳಿಗೆಗೆ ಮೂತಿ ನೇರವಾಗಿರಬೇಕು, ಗಾಳಿಯ ಕಡೆಯ ರೆಕ್ಕೆ ತುಸು ತಗ್ಗಿರಬೇಕು, ಆಮೇಲೆ ಓಟ ನಿಲ್ಲುವವರೆಗೂ ಕಾಲು ಕೈ ಎರಡೂ ಎಚ್ಚರದಲ್ಲಿರಬೇಕು. ಇಷ್ಟನ್ನು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಪಿರಿಯಡ್ಡಿನಲ್ಲಿ ಕಲಿಸಬಲ್ಲೆ. ನನ್ನ ಗಂಡನಿಗೆ ಒಂದು ವರ್ಷ ಹಿಡಿಯಿತು.

ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಅಪಘಾತಗಳೇ. ತಟ್ಟೆಯ ಪಕ್ಕ ಮೊಬೈಲು ನಿಲ್ಲಿಸಿಕೊಂಡು, ಯಾವ್ಯಾವುದೋ ದೇಶದ ಹಳೆಯ ವಿಮಾನಗಳು ಅಡ್ಡಗಾಳಿಗೆ ಸಿಕ್ಕು ಗಿರಕಿ ಹೊಡೆಯುವುದನ್ನು ನೋಡುತ್ತಿದ್ದರು. ಹಳದಿ ವಿಮಾನ, ಕೆಂಪು ವಿಮಾನ, ಎರಡು ಹಂತದ ರೆಕ್ಕೆಯದು. ಒಂದೊಂದೂ ಚೆಂದಾಗಿ ಇಳಿಯುತ್ತದೆ, ಸ್ವಲ್ಪ ದೂರ ಓಡುತ್ತದೆ, ಇನ್ನೇನು ನಿಂತಿತು ಅನ್ನುವಾಗ ಸರ್ರನೆ ತಿರುಗಿ ರೆಕ್ಕೆ ಊರುತ್ತದೆ.

"ಉಣ್ಣು ಹೊತ್ತಿನ್ಯಾಗ ಇದೇನ ನೋಡ್ತೀರಿ? ರೊಟ್ಟಿ ಗಂಟಲದಾಗ ಹೆಂಗ ಇಳೀತಾವು?" ಅಂದೆ.

"ಇವ್ರೆಲ್ಲಾ ಯಾಕ ಬಿದ್ರು ಅಂತ ತಿಳಕೋಳಾಕತ್ತೇನಿ."

"ಯಾಕಂತ ನಾ ಹೇಳ್ತೇನಿ. ಮನಿಯಾಗ ಕುಂದ್ರಲಾರದ್ದಕ್ಕ ಬಿದ್ರು."

ಸುಳ್ಳು ಹೇಳಬಾರದು, ನೋಡುತ್ತ ನೋಡುತ್ತ ನನಗೂ ಒಂದು ಮಾತು ಹೊಳೆಯಿತು. ಅವರಲ್ಲಿ ಹೆಚ್ಚಿನವರು ಆಕಾಶದಿಂದ ಬಿದ್ದವರಲ್ಲ. ಇಳಿದಾಯಿತು ಎಂದು ಉಸಿರು ಬಿಟ್ಟ ಮೇಲೆ ಬಿದ್ದವರು.

ಆಷಾಢದಲ್ಲಿ ಒಮ್ಮೆ ಕ್ಯಾಪ್ಟನ್ನರೇ ಜೊತೆಗಿದ್ದಾಗ ಪಡುವಣ ಗಾಳಿ ಒತ್ತರಿಸಿ ಬಂದು ವಿಮಾನ ಪಟ್ಟಿ ಬಿಟ್ಟು ಹೆಸರಿನ ಹೊಲಕ್ಕೆ ನುಗ್ಗಿತು. ಯಾರಿಗೂ ಏನೂ ಆಗಲಿಲ್ಲ. ಹೆಸರಿನ ಹಸಿರು ರಸ ಮೂತಿಗೆಲ್ಲ ಮೆತ್ತಿಕೊಂಡಿತ್ತು. ಕ್ಯಾಪ್ಟನ್ ಕೆಳಗಿಳಿದು ಗದ್ದ ಮುಟ್ಟಿಕೊಂಡು, ಪಟ್ಟಿಯ ಪಕ್ಕದ ಕಂಬದ ಕಡೆ ಕೈ ಮಾಡಿದರು. ಆ ಕಂಬದ ತುದಿಯಲ್ಲಿ ಗಾಳಿಚೀಲ ಇತ್ತು. ಅಂಗಿಯ ತೋಳಿನಂಥ ಬಟ್ಟೆ, ಎರಡೂ ಕಡೆ ಬಾಯಿ. ಗಾಳಿ ಹೊಕ್ಕರೆ ತುಂಬಿಕೊಂಡು ಅಡ್ಡ ನಿಲ್ಲುತ್ತದೆ, ಗಾಳಿ ಇಲ್ಲದಿದ್ದರೆ ಜೋತು ಬೀಳುತ್ತದೆ. ಮೇಲಿದ್ದವನಿಗೆ ಕೆಳಗಿನ ಗಾಳಿಯ ಸುದ್ದಿ ಹೇಳುವುದು ಅದೊಂದೇ.

"ಇಳಿಯೂಕಿಂತ ಮೊದ್ಲ ಒಂದ ಸುತ್ತ ಹಾಕಿ ಚೀಲ ನೋಡ್ರಿ. ಗಾಳಿ ಯಾರಿಗಾದ್ರೂ ದಾರಿ ತಪ್ಪಿಸ್ತೈತಿ, ಅದಕ್ಕ ನಾ ಸಿಟ್ಟಾಗಂಗಿಲ್ಲ. ಚೀಲ ನೋಡಲಾರದ ಇಳದ್ರಿ ಅಂದ್ರ ಮಾತ್ರ ಕೇಳ್ರಿ, ಅಂಥವನ ಹಿಂದ ನಾ ನಮ್ಮನಿ ನಾಯೀನೂ ಕುಂದ್ರಸಂಗಿಲ್ಲ."

ಇವರಿಗೆ ಬೇಕಾಗಿದ್ದದ್ದೇ ಹಿಂದಿನ ಸೀಟಿನಲ್ಲಿ ಕುಂದ್ರಿಸುವ ಒಪ್ಪಿಗೆ. ಒಬ್ಬರೇ ಹಾರುವುದನ್ನು ಆಗಲೇ ಕಲಿತಿದ್ದರು. ಬೇಸಿಗೆಗೆ ನೀರು ಇಳಿದಾಗ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಕೊಲ್ಹಾರದ ಮೇಲೆ ಒಂದು ಸುತ್ತು ಹಾಕುವುದು, ಆ ಗೋಡೆಗಳನ್ನು ತೋರಿಸುವುದು, ಅದಕ್ಕಾಗಿಯೇ ಈ ಹುಚ್ಚಾಟವೆಲ್ಲ. ಅಕ್ಕನಿಗೂ ಹೇಳಿಬಿಟ್ಟಿದ್ದರು. ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಯಾವ ಸೀರೆ ಉಡಬೇಕು ಅಂತ ನನ್ನನ್ನು ಕೇಳಿದಳು. ಹಾಗಿದ್ದರೆ ಕ್ಯಾಪ್ಟನ್ನರೇ ಕರೆದುಕೊಂಡು ಹೋಗಲಿ ಎಂದು ನಾನು ಸುಲಭದ ದಾರಿ ತೋರಿಸಿದೆ. "ನನ್ನ ತಮ್ಮ ಒಯ್ದ್ರ ಹೊಕ್ಕೇನಿ. ಪರಗಂಡಸಿನ ಕೂಡ ಮ್ಯಾಲ ಹೋಗಾಕ ನನಗೇನ ಬಂದೈತಿ ಧಾಡಿ?" ಅಂದಳು. ಮಾತು ಅಲ್ಲಿಗೆ ಮುಗಿಯಿತು.

ಕ್ಯಾಪ್ಟನ್ ದಸರೆಗೆ ಗಡುವು ಕೊಟ್ಟರು. ಬನ್ನಿ ಹಬ್ಬದ ದಿನ ಬರುತ್ತೇನೆ, ಮೂಡಗಾಳಿ ಎದ್ದಿರುತ್ತದೆ, ನನ್ನ ಕಣ್ಣೆದುರು ಒಬ್ಬರೇ ಇಳಿಸಿ ತೋರಿಸಿ, ಆಮೇಲೆ ಅಕ್ಕನ ಮಾತು ಅಂದರು.

ಹಿಂದಿನ ದಿನ ಖಂಡೆ ಪೂಜೆ. ನಮ್ಮ ಕಡೆ ಅಂದು ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಪೂಜಿಸಿ ವಿಶ್ರಾಂತಿ ಕೊಡುತ್ತೇವೆ. ಅಕ್ಕ ಮುದ್ದೇಬಿಹಾಳದಿಂದ ಬಂದಿದ್ದಳು. ಲಿಂಬೆಯ ಸೀಮೆಯಲ್ಲಿ ಹಬ್ಬಕ್ಕೆ ಹೂವು ಕಡಿಮೆ ಬಿದ್ದೀತು, ಲಿಂಬೆಹಣ್ಣು ಕಡಿಮೆ ಬೀಳುವುದಿಲ್ಲ. ದಬ್ಬಣ ದಾರ ಹಿಡಿದು ಕೂತು ಸರ ಪೋಣಿಸಿದಳು. ಟ್ರ್ಯಾಕ್ಟರಿಗೆ ಒಂದು, ಪಂಪಿಗೆ ಒಂದು, ಕಾರಿಗೆ ಒಂದು, ವಿಮಾನದ ಮೂತಿಗೆ ಒಂದು. ಗಾಲಿಗಳ ಬುಡಕ್ಕೂ ಹಣ್ಣು ಇಟ್ಟಳು. ನಾನು ಒಳಗೆ ಹೋಳಿಗೆಯ ಹೂರಣದಲ್ಲಿ ಮುಳುಗಿದ್ದೆ. ಕತ್ತಲಾಗುವ ಹೊತ್ತಿಗೆ ಅವಳು ತೋಟದ ಆಳನ್ನು ಕರೆದು ಕಂಬದ ಬುಡದ ಬೋಲ್ಟು ಬಿಚ್ಚಿಸಿ, ಕಂಬ ಬಗ್ಗಿಸಿ, ಗಾಳಿಚೀಲದ ತುದಿಗೂ ಒಂದು ಸರ ಬಿಗಿದಳಂತೆ. ಮಾರುದ್ದದ ಸರ, ಬಲಿತ ಹಣ್ಣು. ಎಲ್ಲಕ್ಕಿಂತ ಎತ್ತರದಲ್ಲಿ ಇರುವುದು ಅದೇ, ಊರ ಮಂದಿಯ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ, ದೃಷ್ಟಿ ತಾಗುವುದಾದರೆ ಅದಕ್ಕೇ ತಾಗಲಿ ಎಂಬುದು ಅವಳ ಲೆಕ್ಕ. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ಗಾಳಿಯನ್ನು ಮಾತ್ರ ಸೇರಿಸಿರಲಿಲ್ಲ.

ಬನ್ನಿ ಹಬ್ಬದ ಬೆಳಿಗ್ಗೆ ಇವರಿಗೆ ತಡೆಯಲಾಗಲಿಲ್ಲ. ಕ್ಯಾಪ್ಟನ್ ಬರುವುದರೊಳಗೆ ಕೈ ಪಳಗಿಸಿಕೊಳ್ಳುತ್ತೇನೆ ಎಂದು ವಿಮಾನದ ಸರ ತೆಗೆದಿಟ್ಟು, ಬೆಳಕು ಹರಿಯುತ್ತಿದ್ದಂತೆಯೇ ಏರಿ ಹೋದರು. ಆಗ ಎಲೆ ಅಲುಗುತ್ತಿರಲಿಲ್ಲ. ಮಬ್ಬಿನಲ್ಲಿ ಚೀಲ ಜೋತು ಬಿದ್ದಿತ್ತು, ಜೋತು ಬೀಳಬೇಕಾದದ್ದೇ.

ಹೊತ್ತು ಏರಿತು. ನಾನು ಹೋಳಿಗೆ ಬೇಯಿಸುತ್ತಿದ್ದೆ, ಅಕ್ಕ ದೇವರ ಜಗಲಿಯ ಮುಂದೆ ಕೂತಿದ್ದಳು. ವಿಮಾನದ ಸದ್ದು ಕೇಳಿ ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದೆ. ಬಾಗಿಲ ತೋರಣದ ಮಾವಿನೆಲೆಗಳೆಲ್ಲ ಪಡುವಣಕ್ಕೆ ಹಾರಾಡುತ್ತಿದ್ದವು. ಸೆರಗು ನಿಲ್ಲುತ್ತಿರಲಿಲ್ಲ. ಮೂಡಗಾಳಿ ಎದ್ದಿತ್ತು, ಚೆನ್ನಾಗಿಯೇ ಎದ್ದಿತ್ತು. ಅಭ್ಯಾಸಬಲದಿಂದ ಕಂಬದ ಕಡೆ ನೋಡಿದೆ. ಚೀಲ ನೆಟ್ಟಗೆ ಕೆಳಗೆ ಜೋತಿತ್ತು. ತುದಿಯಲ್ಲಿ ಹಳದಿ ಸರ ಬಿಸಿಲಿಗೆ ಹೊಳೆಯುತ್ತಿತ್ತು.

ಒಮ್ಮೆಲೆ ತಿಳಿಯಿತು. ಮೇಲಿನಿಂದ ಇವರು ಸುತ್ತು ಹಾಕಿ ಚೀಲ ನೋಡುತ್ತಿದ್ದಾರೆ, ಆ ಎತ್ತರಕ್ಕೆ ಸರ ಕಾಣುವುದಿಲ್ಲ, ಚೀಲ ಗಾಳಿಯೇ ಇಲ್ಲ ಎಂದು ಹೇಳುತ್ತಿದೆ. ಮಾತಾಡುವ ರೇಡಿಯೋ ಕ್ಯಾಪ್ಟನ್ನರ ಬ್ಯಾಗಿನಲ್ಲಿ, ಕ್ಯಾಪ್ಟನ್ ಇನ್ನೂ ದಾರಿಯಲ್ಲಿ. ನಾನು ಪಟ್ಟಿಯ ಕಡೆ ಓಡಿದೆ. ಸೌಟು ಬೀಸಿದೆ, ಸೆರಗು ಬೀಸಿದೆ, ಬ್ಯಾಡ್ರೀ ಬ್ಯಾಡ್ರೀ ಎಂದು ಕಿರುಚಿದೆ. ಅವರು ಮೇಲಿನಿಂದ ನನ್ನನ್ನು ನೋಡಿ ಕೈ ಬೀಸಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಹೆಂಡತಿ ಸೆರಗು ಬೀಸಿ ಬರಮಾಡಿಕೊಂಡದ್ದು ಅದೇ ಮೊದಲು ಎಂದು ಖುಷಿಯಾಗಿತ್ತಂತೆ, ಆಮೇಲೆ ಹೇಳಿದರು.

ದಕ್ಷಿಣದಿಂದ ಬಂದು ಉತ್ತರಕ್ಕೆ ಮುಖ ಮಾಡಿ ಇಳಿದರು. ಇಳಿಯುವಾಗ ವಿಮಾನ ಎಡಕ್ಕೆ ಸರಿಯಿತು, ಅದನ್ನು ಹೇಗೋ ಸರಿಪಡಿಸಿಕೊಂಡರು. ಗಾಲಿ ನೆಲ ಮುಟ್ಟಿತು, ಧೂಳು ಎದ್ದಿತು. ದೇವರು ದೊಡ್ಡವನು ಅಂದುಕೊಂಡೆ. ಓಟ ಕಡಿಮೆಯಾಗುತ್ತ ಬಂದಾಗ ಗಾಳಿ ಬಾಲವನ್ನು ಹಿಡಿಯಿತು. ಮೂತಿ ಬಲಕ್ಕೆ ಸರ್ರನೆ ತಿರುಗಿತು, ಎಡಗಡೆಯ ಗಾಲಿ ಮಡಚಿತು, ಎಡ ರೆಕ್ಕೆ ನೆಲಕ್ಕೆ ಬಡಿದು ಕಟ್ಟಿಗೆ ಮುರಿದ ಸದ್ದು ಬಂತು. ಊಟದ ತಟ್ಟೆಯ ಪಕ್ಕ ಎಷ್ಟೋ ಸಲ ಕಂಡದ್ದೇ. ಮೊಬೈಲಿನಲ್ಲಿ ಇಷ್ಟು ಧೂಳು ಕಾಣುತ್ತಿರಲಿಲ್ಲ.

ನಾನು ಹೋಗಿ ಮುಟ್ಟುವ ಹೊತ್ತಿಗೆ ಎಂಜಿನ್ ಆರಿಸಿ, ಬೆಲ್ಟು ಬಿಚ್ಚಿಕೊಂಡು, ಕೆಳಗೆ ಕೂತಿದ್ದರು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಎಡಗೈ ಎತ್ತಲು ಬರುತ್ತಿರಲಿಲ್ಲ, ಭುಜದ ಎಲುಬು ಮುರಿದಿತ್ತು. ಜೀವಂತ ಇದ್ದಾರೆ ಎಂದು ಖಾತ್ರಿಯಾದ ಮೇಲೆ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ಚೀಲ ನೋಡೇ ಇಳಿದೆ. ಗಾಳಿ ಇರಲಿಲ್ಲ" ಅಂದರು.

ನಾನು ಕಂಬದ ಕಡೆ ನೋಡಿದೆ. ಅವರೂ ನೋಡಿದರು.

"ಅಕ್ಕ ಎಲ್ಲದಾಳ?"

"ಜಗಲಿ ಮುಂದ. ಆಕಿಗಿನ್ನಾ ಗೊತ್ತಿಲ್ಲ."

"ಆ ಸರಾ ಬಿಚ್ಚು."

"ಏನ್ರೀ ನೀವು! ಹಣಿ ಒಡದೈತಿ, ಕೈ ಮುರದೈತಿ, ಲಿಂಬಿಹಣ್ಣಿನ ಚಿಂತಿ ಹತ್ತೇತಿ ನಿಮಗ?"

"ಕ್ಯಾಪ್ಟನ್ ಸಾಹೇಬ್ರು ಬರೂದ್ರೊಳಗ ಬಿಚ್ಚು. ಕೈ ಮುಗೀತೇನಿ."

ಆ ಮನುಷ್ಯ ನನಗೆ ಎಂದೂ ಕೈ ಮುಗಿದವರಲ್ಲ. ಆಗಲೂ ಮುಗಿಯಲಿಲ್ಲ, ಒಂದು ಕೈ ಏಳುತ್ತಲೇ ಇರಲಿಲ್ಲ. ನಾನು ತೋಟದ ಆಳನ್ನು ಕೂಗಿ ಕಂಬ ಬಗ್ಗಿಸಿ ದಾರ ಹರಿದೆ. ಸರ ಕೈಗೆ ಬಂದು ಕಂಬ ಮತ್ತೆ ಎದ್ದದ್ದೇ ತಡ, ಚೀಲ ತುಂಬಿಕೊಂಡು ಪಡುವಣಕ್ಕೆ ನೆಟ್ಟಗೆ ನಿಂತಿತು. ಹಣ್ಣುಗಳನ್ನು ಉಡಿಯಲ್ಲಿ ತುಂಬಿಕೊಂಡು ಹೋಗಿ ತೋಟದ ಗಿಡಗಳ ಬುಡಕ್ಕೆ ಚೆಲ್ಲಿದೆ. ಲಿಂಬೆಗಿಡದ ಕೆಳಗೆ ಲಿಂಬೆಹಣ್ಣು ಬಿದ್ದಿದ್ದರೆ ಇಂಡಿಯಲ್ಲಿ ಯಾರೂ ಕೇಳುವುದಿಲ್ಲ. ಬಾಯಿ ಬಿಟ್ಟರೆ ಹುಷಾರ್ ಎಂದು ಆಳಿಗೂ ಹೇಳಿದೆ.

ಕ್ಯಾಪ್ಟನ್ ಬಂದಾಗ ಅಕ್ಕ ತಮ್ಮನ ಹಣೆಗೆ ಅರಿಷಿಣ ಒತ್ತಿ ಹಿಡಿದು ಗೋಳಾಡುತ್ತಿದ್ದಳು. ಅವರು ಮೊದಲು ಇವರ ಕೈ ನೋಡಿದರು, ಗೋಣು ನೋಡಿದರು, ಆಮೇಲೆ ರೆಕ್ಕೆ ನೋಡಿದರು. ಗಾಲಿಯ ಗುರುತು ಹಿಡಿದು ಪಟ್ಟಿಯುದ್ದಕ್ಕೂ ನಡೆದು ಹೋಗಿ ಬಂದರು. ಕಂಬದ ತುದಿಯಲ್ಲಿ ಚೀಲ ಪಟಪಟ ಹೊಡೆದುಕೊಳ್ಳುತ್ತಿತ್ತು. ಗದ್ದ ಮುಟ್ಟಿಕೊಂಡರು.

"ಸಾಹುಕಾರ್ರ, ಈ ಗಾಳ್ಯಾಗ ಒಂದಿಷ್ಟೂ ರೆಕ್ಕಿ ತಗ್ಗಿಸದ ಇಳಿದೀರಿ. ಚೀಲ ನೋಡಿದ್ರೋ ಇಲ್ಲೋ?"

ನಿಜ ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ನೋಡಿದೆ, ಚೀಲ ಸುಳ್ಳು ಹೇಳಿತು, ಯಾಕೆಂದರೆ ಹೀಗೆ. ಕ್ಯಾಪ್ಟನ್ ನಾಕು ಬೈದು ರೆಕ್ಕೆ ಕಟ್ಟಿಸಿ, ಬೇಸಿಗೆಗೆ ಅಕ್ಕನನ್ನು ಕೂರಿಸು ಅನ್ನುತ್ತಿದ್ದರು. ಅಕ್ಕ ಅಲ್ಲೇ ಇದ್ದಳು. ಅವಳ ಬೆರಳು ತಮ್ಮನ ಹಣೆಯ ಮೇಲೆ ಇತ್ತು.

"ನೋಡ್ಲಿಲ್ರಿ ಸಾಹೇಬ್ರ" ಅಂದರು ಇವರು.

ನಾನು ಬಾಯಿ ತೆರೆದೆ. ಇವರು ನನ್ನ ಮುಖ ನೋಡಿದರು. ಶಾಲೆಯಲ್ಲಿ ಅಷ್ಟು ವರ್ಷ ಯಾರ ಮುಖಕ್ಕೂ ಹೆದರಿ ಮಾತು ನುಂಗಿದವಳಲ್ಲ ನಾನು. ಅವತ್ತು ನುಂಗಿದೆ. ಬಿಸಿ ತುಪ್ಪದ ಹಾಗೆ ಇನ್ನೂ ಅದು ಅಲ್ಲೇ ಇದೆ.

ಕ್ಯಾಪ್ಟನ್ ದನಿ ಎತ್ತಲಿಲ್ಲ. "ನೀವು ಹಾರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಾ ಇರೂತನಕಾ ನಿಮ್ಮ ಹಿಂದ ಯಾರೂ ಕುಂದ್ರಂಗಿಲ್ಲ" ಅಂದರು. ಆಮೇಲೆ ಅಂಗಿಯ ಜೇಬಿನಿಂದ ಬನ್ನಿ ಎಲೆ ತೆಗೆದು ಇವರ ಬಲಗೈಯಲ್ಲಿ ಇಟ್ಟರು. "ಬನ್ನಿ ತೊಗೊಂಡು ಬಂಗಾರದಂಗ ಇರೂಣು."

"ಬಂಗಾರದಂಗ ಇರೂಣ್ರಿ" ಅಂದರು ಇವರು.

ಅಂದು ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅಕ್ಕ ಒಂದೇ ಮಾತು ಹೇಳುತ್ತಿದ್ದಳು. "ನಾ ಸರಾ ಕಟ್ಟಿದ್ದಕ್ಕ ಉಳದಿ ನೋಡು. ಮಂದಿ ಕಣ್ಣೆಲ್ಲಾ ಆ ಹಣ್ಣs ತೊಗೊಂಡ್ವು. ಈಗ ನೋಡಿದ್ರ ಸರಾನ ಇಲ್ಲ. ತಾವs ಕಳಚಿ ಬಿದ್ದು ನಿನ್ನ ಕಾದಾವು." ನಾನು ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. "ಹೌದಕ್ಕಾ" ಅಂದರು ಇವರು.

ಚಳಿಗಾಲ ಕಳೆಯುವಷ್ಟರಲ್ಲಿ ಎಲುಬು ಕೂಡಿತು, ರೆಕ್ಕೆಗೆ ಹೊಸ ಬಟ್ಟೆ ಬಂತು. ಇವರು ಮತ್ತೆ ಒಬ್ಬರೇ ಹಾರಿದರು. ಬೇಸಿಗೆಯಲ್ಲಿ ಕ್ಯಾಪ್ಟನ್ನರ ಜೊತೆ ಒಂದು ಸಲ ಕೊಲ್ಹಾರದ ಮೇಲೂ ಹೋಗಿ ಬಂದರು. ಗೋಡೆಗಳು ಕಂಡವೇ ಎಂದು ಕೇಳಿದೆ. ಕಂಡವು ಅಂದರು. ಅಂದು ರಾತ್ರಿ ಊಟದ ತಟ್ಟೆಯ ಪಕ್ಕ ಮೊಬೈಲು ಇರಲಿಲ್ಲ.

ಆ ವಾರವೇ ಅಕ್ಕನನ್ನು ಕಾರಿನಲ್ಲಿ ಸೇತುವೆಗೆ ಕರೆದುಕೊಂಡು ಹೋದೆವು. ಕಟಕಟೆ ಹಿಡಿದು ನಿಂತು ಅವಳು ದೂರದ ನೀರು ನೋಡಿದಳು. ಅಲ್ಲಿಂದ ಒಂದೂ ಕಾಣುತ್ತಿರಲಿಲ್ಲ.

"ನನ್ನ ಯಾವಾಗ ಒಯ್ತಿಯೋ?"

"ಸಾಹೇಬ್ರು ಹೂಂ ಅನ್ನವಲ್ರಕ್ಕಾ. ಅವತ್ತ ನಾ ಚೀಲ ನೋಡ್ಲಿಲ್ಲಲ್ಲ."

ಅಕ್ಕ ತಿರುಗಿ ತಮ್ಮನ ತಲೆಗೆ ಒಂದು ಮೊಟಕಿದಳು. "ಸಣ್ಣಾಂವ ಇದ್ದಾಗಿಂದ ನೀ ಹಿಂಗs. ಮುಂದಿಂದು ನೋಡೂದs ಇಲ್ಲ. ಎಷ್ಟ ಆಸೆ ಇಟಗೊಂಡಿದ್ದೆ ನಾ. ನಿನ್ನ ಕೈಯಾಗ ನೀನs ಕೆಡಿಸಿದಿ" ಅಂದಳು. ಕಣ್ಣು ಒರೆಸಿಕೊಂಡಳು. ನಿಜ ನನ್ನ ತುಟಿಯವರೆಗೆ ಬಂದಿತ್ತು. ಇವರು ನನ್ನ ಕಡೆ ನೋಡಲೂ ಇಲ್ಲ, ನೋಡುವ ಅಗತ್ಯವಿಲ್ಲ ಎಂದು ಅವರಿಗೆ ಗೊತ್ತಿತ್ತು.

ಅಕ್ಕನಿಗೆ ಓದಲು ಬರುವುದಿಲ್ಲ. ಬರುವವರು ಯಾರಾದರೂ ಇದನ್ನು ಅವಳಿಗೆ ಓದಿ ಹೇಳಿದರೆ ಅವರ ನಾಲಗೆ ಸೇದಿಹೋಗಲಿ.

ಕಾರು ಹತ್ತುವಾಗ ಅವಳ ಸಿಟ್ಟು ಇಳಿದಿತ್ತು. "ಹೋಗ್ಲಿ ಬಿಡು, ಜೀವಾ ಉಳೀತು. ಬರೂ ಖಂಡೆ ಪೂಜಿಗೆ ಇನ್ನೂ ಉದ್ದಂದು ಪೋಣಸ್ತೇನಿ. ಆ ಚೀಲಕ್ಕs ಕಟ್ಟೂಣು."

ಇವರು ಅವಳ ಸೆರಗು ಬಾಗಿಲಿಗೆ ಸಿಕ್ಕದಂತೆ ಒಳಗೆ ಸರಿಸಿ ಬಾಗಿಲು ಹಾಕಿದರು.

"ಪೋಣಸಕ್ಕಾ" ಅಂದರು. "ಈ ಸಲ ನನ್ನ ಕೊಳ್ಳಾಗ ಹಾಕು."